ಒಂಬತ್ತನೇ ಪುಟದ ಬಿಳಿ ಗ್ಲೌಸ್

ಕೆಂಪು ಸ್ಕೆಚ್ ಪೆನ್ನಿಗೆ ಮುಚ್ಚಳ ಹಾಕಿ ಇರುವೆ ಪುಟ ತಿರುಗಿಸಿದಳು. ಬಣ್ಣ ಹಿಂಬದಿಗೂ ಇಳಿದಿತ್ತು. ಹತ್ತನೇ ಪುಟದ ಬಸ್ ಡ್ರೈವರ್‌ನ ಕೆನ್ನೆಯ ಮೇಲೆ ಹೆಬ್ಬೆರಳಿನಷ್ಟು ಕೆಂಪು ಕಲೆ.

ಬೆರಳಿಗೆ ಎಂಜಲು ಹಚ್ಚಿ ಉಜ್ಜಿದಳು. ಕಲೆ ಇನ್ನೂ ಅಗಲವಾಯಿತು. ಹಳೆಯ ಕಾಗದ ಪುಡಿಯಾಗಿ ಬೆರಳಿಗೆ ಅಂಟಿತು. ಅವಳು ಗಾಬರಿಯಿಂದ ಕೈ ತೆಗೆದಳು.

ಇರುವೆ ಅನ್ನುವುದು ಚಿಕ್ಕಮ್ಮ ಇಟ್ಟ ಹೆಸರು. "ಡಬ್ಬ ಎಷ್ಟು ಬಿಗಿಯಾಗಿ ಮುಚ್ಚಿಟ್ರೂ ಒಳಗೆ ಹೋಗ್ತೀಯಲ್ಲೇ!" ಎಂದು ಒಂದು ದಿನ ಬೈದಿದ್ದಳು. ಅಂದಿನಿಂದ ಮನೆಯಲ್ಲೆಲ್ಲ ಅದೇ ಹೆಸರು.

ಚಿಕ್ಕಮ್ಮನ ಕೆಲಸ ಮನೆಯ ಮುಂದಿನ ಕೋಣೆಯಲ್ಲಿ. ಪ್ರಕಾಶಕರೊಬ್ಬರು, ಕೈಯಿಂದ ಸಿಡಿಲು ಹಾರಿಸುವ ವೀರ ಸಿಡಿಲಣ್ಣನ ಹಳೆಯ ಕಾಮಿಕ್ಸುಗಳನ್ನು, ಹನ್ನೆರಡೂ ಸಂಚಿಕೆ ಸೇರಿಸಿ, ಒಂದೇ ದಪ್ಪ ಪುಸ್ತಕವಾಗಿ ಮತ್ತೆ ಅಚ್ಚು ಹಾಕಿಸುತ್ತಿದ್ದರು. ಚಿಕ್ಕಮ್ಮ ಒಂದೊಂದು ಪುಟವನ್ನೂ ಸ್ಕ್ಯಾನ್ ಮಾಡಿ, ಕಂಪ್ಯೂಟರಿನಲ್ಲಿ ಕಲೆ, ಮಡಿಕೆ, ತೂತುಗಳನ್ನು ಅಳಿಸಬೇಕು.

ಹನ್ನೊಂದನೇ ಸಂಚಿಕೆ ಮಾತ್ರ ಎಲ್ಲೂ ಸಿಕ್ಕಿರಲಿಲ್ಲ. ಕೊನೆಗೆ ಅದು ಇದ್ದದ್ದು ಮೂಲೆಯ ಕಟಿಂಗ್ ಅಂಗಡಿಯ ಮಾಮನ ಹತ್ತಿರ. ಹುಡುಗನಾಗಿದ್ದಾಗಿನಿಂದ, ಅಂದರೆ ನಲವತ್ತು ವರ್ಷದಿಂದ, ಪ್ಲಾಸ್ಟಿಕ್ ಕವರಿನಲ್ಲಿ ಜೋಪಾನ ಮಾಡಿದ್ದರು. "ಒಂದು ವಾರ ಇಟ್ಕೊಳ್ಳಿ. ಹೋದ ಹಾಗೇ ವಾಪಸ್ ಬರ್ಬೇಕು" ಎಂದು ಹೇಳಿ ಕೊಟ್ಟಿದ್ದರು.

ಒಂಬತ್ತನೇ ಪುಟದ ಒಂದು ಚಿತ್ರದಲ್ಲಿ ಸಿಡಿಲಣ್ಣನ ಎಡಗೈ ಗವಸು ಬಿಳಿಯಾಗಿತ್ತು. ಉಳಿದೆಲ್ಲ ಚಿತ್ರಗಳಲ್ಲೂ ಕೆಂಪು. ಚಿಕ್ಕಮ್ಮ ನಾಲ್ಕು ದಿನದಿಂದ ಕಣ್ಣುಜ್ಜಿಕೊಂಡು ಕೆಲಸ ಮಾಡುತ್ತಿದ್ದಳು. ಅವಳು ಸ್ನಾನಕ್ಕೆ ಹೋದ ಹೊತ್ತಿನಲ್ಲಿ, ಅವಳಿಗೆ ಒಂದು ತಪ್ಪಾದರೂ ಕಡಿಮೆಯಾಗಲಿ ಎಂದುಕೊಂಡು ಇರುವೆ ಪೆನ್ನು ತೆಗೆದಿದ್ದಳು.

"ಏನೇ ಅದು?" ತಲೆಗೆ ಟವೆಲ್ ಸುತ್ತಿಕೊಂಡು ಚಿಕ್ಕಮ್ಮ ಬಾಗಿಲಲ್ಲಿ ನಿಂತಿದ್ದಳು.

"ಅವರು ಕಲರ್ ಹಾಕೋಕೆ ಮರೆತಿದ್ರು. ನಿಂಗೆ ಕೆಲಸ ಕಮ್ಮಿ ಆಗ್ಲಿ ಅಂತ..."

ಚಿಕ್ಕಮ್ಮ ಪುಟ ನೋಡಿದಳು. ತಿರುಗಿಸಿ ನೋಡಿದಳು. ಕುರ್ಚಿಯ ಮೇಲೆ ಕುಸಿದು ಕೂತಳು. "ಈ ಇಲ್ಲದ ಉಸಾಬರಿ ಯಾರು ಕೊಟ್ರೇ ನಿಂಗೆ?"

"ಕಂಪ್ಯೂಟರಲ್ಲಿ ತೆಗೆಯೋಕಾಗಲ್ವಾ?"

"ಸ್ಕ್ರೀನ್ ಮೇಲೆ ತೆಗೀಬಹುದು. ಕಂಟ್ರೋಲ್ ಝಡ್ ಒತ್ತಿದ್ರೆ ಕಾಗದದ ಮೇಲಿಂದ ಹೋಗುತ್ತಾ?"

"ಮಾಮ ಆ ಪುಟ ನೋಡ್ದೇ ಇದ್ರೆ?"

"ನಲವತ್ತು ವರ್ಷ ಕವರಲ್ಲಿ ಇಟ್ಕೊಂಡೋರು ನೋಡ್ದೇ ಇರ್ತಾರಾ?"

"ಹಾಗಾದ್ರೆ ಯಾರು ಹೇಳೋದು?"

"ಪೆನ್ನು ಹಿಡಿದೋರು."

ಮಧ್ಯಾಹ್ನ ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ಮಾಮ ನೆಲದ ಮೇಲಿನ ಕೂದಲು ಗುಡಿಸುತ್ತಿದ್ದರು. ದಾರಿಯುದ್ದಕ್ಕೂ ಇರುವೆ ಬಾಯಿಪಾಠ ಮಾಡಿಕೊಂಡು ಬಂದ ಮಾತು ಎಲ್ಲಿಗೋ ಹಾರಿಹೋಯಿತು.

"ಮಾಮ, ನಾನು ಗ್ಲೌಸಿಗೆ ಬಣ್ಣ ಹಾಕ್ಬಿಟ್ಟೆ."

"ಯಾವ ಗ್ಲೌಸು?" ಎಂದವರು ಅವಳ ಕೈಯಲ್ಲಿದ್ದ ಕವರು ನೋಡಿದರು. ಪೊರಕೆಯನ್ನು ಗೋಡೆಗೆ ಒರಗಿಸಿ, ಕೈ ಒರೆಸಿಕೊಂಡು, ಗಿರಾಕಿಗಳ ಕುರ್ಚಿಯಲ್ಲಿ ತಾವೇ ಕೂತರು. ಪುಟ ಹುಡುಕಬೇಕಾಗಿರಲಿಲ್ಲ. ಪುಸ್ತಕ ತಾನಾಗಿಯೇ ಅಲ್ಲಿಗೆ ತೆರೆದುಕೊಂಡಿತು.

ಮಾಮ ಕೆಂಪು ಗವಸಿನ ಮೇಲೆ ಬೆರಳಾಡಿಸಿದರು. ಜೊತೆಗೆ ಬಂದಿದ್ದ ಚಿಕ್ಕಮ್ಮ ಬಾಗಿಲಲ್ಲೇ ನಿಂತಿದ್ದಳು.

"ಇದು ನಮ್ಮಣ್ಣನೂ ನಾನೂ ಜಗಳ ಆಡ್ತಿದ್ದ ಪುಟ" ಎಂದರು ಮಾಮ. "ಸಿಡಿಲಣ್ಣ ಒಂದು ಗ್ಲೌಸ್ ಯಾರಿಗೋ ಕೊಟ್ಬಿಟ್ಟಿದ್ದಾನೆ ಅಂತ ಅವನು. ಅಲ್ಲ, ಆ ಕೈಯಲ್ಲಿ ಸಿಡಿಲು ಖರ್ಚಾಗಿ ಹೋಗಿದೆ ಅಂತ ನಾನು. ಊಟಕ್ಕೆ ಕರೆದ್ರೂ ಏಳ್ತಿರ್ಲಿಲ್ಲ. ಒಂದ್ಸಲ ನನ್ನ ಕಿವೀನೇ ಕಚ್ಚಿದ್ದ."

"ಅದು ಪ್ರೆಸ್ಸಿನವರು ಮರೆತಿದ್ದು ಅಲ್ವಾ ಮಾಮ?"

ಮಾಮ ತಲೆ ಎತ್ತಿದರು. "ಇರಬಹುದು. ನಮಗೆ ಹಾಗೆ ಹೊಳೀಲೇ ಇಲ್ಲ."

"ಸಾರಿ ಮಾಮ."

ಅವರು ಪರವಾಗಿಲ್ಲ ಅನ್ನಲಿಲ್ಲ. ಬೈಯಲೂ ಇಲ್ಲ. ಪುಸ್ತಕವನ್ನು ಕವರಿಗೆ ಹಾಕಿ ಚಿಕ್ಕಮ್ಮನ ಕೈಗೆ ಕೊಟ್ಟರು. "ಸ್ಕ್ಯಾನು ಮುಗಿಸಿ ಕಳಿಸಮ್ಮ. ಹೊಸದರಲ್ಲಾದ್ರೂ ಬಿಳೀನೇ ಇರ್ಲಿ."

ಬೈದಿದ್ದರೆ ಚೆನ್ನಾಗಿತ್ತು ಎಂದು ಇರುವೆಗೆ ಅನ್ನಿಸಿತು.

ಸ್ಕ್ರೀನಿನ ಮೇಲಿನ ಕೆಂಪನ್ನು ಚಿಕ್ಕಮ್ಮ ಅವಳಿಂದಲೇ ತೆಗೆಸಿದಳು. ಚಿತ್ರವನ್ನು ದೊಡ್ಡದು ಮಾಡಿದರೆ ಗವಸು ಸಾವಿರಾರು ಚುಕ್ಕಿಗಳಾಗುತ್ತಿತ್ತು. ಒಂದೊಂದನ್ನೂ ಅಳಿಸಬೇಕು, ಕಪ್ಪು ಗೆರೆಗೆ ತಾಗಬಾರದು. ಪೆನ್ನಿನಲ್ಲಿ ಬಳಿಯಲು ಅರ್ಧ ನಿಮಿಷ ಹಿಡಿದಿತ್ತು. ಅಳಿಸಲು ಎರಡು ಸಂಜೆ ಬೇಕಾಯಿತು. ಗೆಳತಿಯರು ಗೇಟಿನ ಹತ್ತಿರ ನಿಂತು ಕೂಗಿ ಕೂಗಿ ಹೋದರು.

ಮೂರನೇ ದಿನ ಪ್ರಕಾಶಕರ ಫೋನು ಬಂತು. ಒಂಬತ್ತನೇ ಪುಟದಲ್ಲಿ ಬಣ್ಣ ಬಿಟ್ಟುಹೋಗಿದೆಯಲ್ಲ ಎಂದು ಕೇಳಿದರು. "ಬಿಟ್ಟುಹೋಗಿಲ್ಲ ಸರ್, ಇರೋದೇ ಹಾಗೆ" ಎಂದಳು ಚಿಕ್ಕಮ್ಮ.

ಎರಡು ತಿಂಗಳಾದ ಮೇಲೆ ಹೊಸ ಪುಸ್ತಕ ಬಂತು. ಚಿಕ್ಕಮ್ಮ ಮಾಮನಿಗೂ ಒಂದು ಪ್ರತಿ ಕೊಟ್ಟಳು. ಮಾಮ ಅದಕ್ಕೆ ಕವರು ಹಾಕದೆ, ಗಿರಾಕಿಗಳು ಕಾಯುವ ಬೆಂಚಿನ ಮೇಲೆ ಪೇಪರುಗಳ ಜೊತೆ ಇಟ್ಟರು.

ಒಂದು ಭಾನುವಾರ ಇರುವೆ ಕುತ್ತಿಗೆಗೆ ಬಟ್ಟೆ ಕಟ್ಟಿಸಿಕೊಂಡು ಕೂತಿದ್ದಳು. ಹಿಂದೆ ಬೆಂಚಿನ ಮೇಲೆ, ಮುಂದಿನ ಎರಡು ಹಲ್ಲು ಬಿದ್ದ ಹುಡುಗನೊಬ್ಬ ದಪ್ಪ ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

"ಅಪ್ಪಾ, ಸಿಡಿಲಣ್ಣಂಗೆ ಒಂದು ಕೈ ಯಾಕೆ ಬಿಳಿ?"

ಅಪ್ಪ ಪೇಪರಿನಿಂದ ತಲೆ ಎತ್ತಲಿಲ್ಲ. "ಅದು ಹಾಗೇನೇ. ಸುಮ್ನೆ ಓದು."

ಪ್ರೆಸ್ಸಿನವರು ಬಣ್ಣ ಹಾಕಲು ಮರೆತದ್ದು ಎಂಬ ಉತ್ತರ ಇರುವೆಗೆ ಗೊತ್ತಿತ್ತು. ಅದು ನಾಲಿಗೆಯ ತುದಿಗೇ ಬಂದಿತ್ತು. ಕಿವಿಯ ಪಕ್ಕದಲ್ಲಿ ಮಾಮನ ಕತ್ತರಿ ನಿಂತಿತು.

"ನಿಂಗೇನು ಅನ್ಸುತ್ತೆ?" ಎಂದಳು ಅವಳು, ಕನ್ನಡಿಯಲ್ಲೇ ಅವನನ್ನು ನೋಡುತ್ತ.

ಹುಡುಗ ಚಿತ್ರದ ಮೇಲೆ ಬಗ್ಗಿದ. ಖಾಲಿ ಹಲ್ಲಿನ ಜಾಗಕ್ಕೆ ನಾಲಿಗೆ ತೂರಿಸಿ ಯೋಚಿಸಿದ.

"ಹಿಟ್ಟು ಕಲಸ್ತಾ ಇದ್ದ" ಎಂದ. "ಅಷ್ಟರಲ್ಲಿ ಯಾರೋ ಕಾಪಾಡಿ ಅಂತ ಕೂಗಿದ್ರು. ಕೈ ತೊಳೀದೇ ಓಡ್ಬಂದ."

ಇರುವೆ ಕನ್ನಡಿಯಲ್ಲಿ ಮಾಮನ ಹುಬ್ಬೇರಿದ ಮುಖ ನೋಡಿದಳು. ಇದು ಅವರಿಗಾಗಲಿ, ಅವರ ಅಣ್ಣನಿಗಾಗಲಿ ಹೊಳೆದೇ ಇರಲಿಲ್ಲ ಎಂದು ಅವಳಿಗೆ ಗೊತ್ತಾಯಿತು. ಕತ್ತರಿ ಮತ್ತೆ ಕಿಚಕಿಚ ಎಂದು ಓಡತೊಡಗಿತು. ಅವಳು ತಲೆ ಅಲುಗಿಸದೆ ಕೂತಳು.