ರಜೆ ಕೇಳದವರ ಕ್ಲಬ್ಬು

ನವೆಂಬರ್ ಹನ್ನೊಂದರ ಬೆಳಿಗ್ಗೆ ಇಕಿ ದ್ವೀಪದ ಮೀನುಗಾರ ಒರಿಬೆ ತೊಕುಜೋ ಮೊದಲ ಹಡಗಿಗೆ ಹೊರಟು ಫುಕುವೋಕಾದ ಠಾಣೆಗೆ ಬಂದರು. ಮಗಳು ನಾಗಿಸಾ ಕಾಣೆಯಾಗಿದ್ದಳು.

"ನಿನ್ನೆ ಅವಳಮ್ಮನ ತಿಥಿ. ಭಿಕ್ಷುಗಳು ಮಂತ್ರ ಮುಗಿಸಿ ಎದ್ರೂ ಇವಳು ಬರಲಿಲ್ಲ ತಾಯಿ. ಸಂಜೆ ಊರಿಂದ ಅವಳ ಆಫೀಸಿಗೆ ಫೋನ್ ಮಾಡಿದ್ರೆ, ಮೀಟಿಂಗಲ್ಲಿದ್ದಾಳೆ ಅಂದ್ರು ತ್ಸುಕುದಾ ಸಾಹೇಬ್ರು. ಅಮ್ಮನ ತಿಥಿ ಬಿಡೋ ಹುಡುಗಿ ಅಲ್ಲ ಅವಳು."

ಅವರು ತೋರಿಸಿದ ಆಫೀಸಿನ ನಂಬರನ್ನು ಇನ್ಸ್‌ಪೆಕ್ಟರ್ ಕುವಾನೋ ಗುರುತಿಸಿದಳು. ನಾಕಾಸು ಬಡಾವಣೆಯಲ್ಲಿ ಗಂಡಸರ ಮನರಂಜನೆಗೆ ನಡೆಯುವ ಕ್ಲಬ್ಬೊಂದರ ನಂಬರ್ ಅದು. ಹುಡುಗಿಯರ ಮನೆಯವರು ಕರೆ ಮಾಡಿದರೆ ಅಲ್ಲೊಬ್ಬ ಮೇಲಧಿಕಾರಿಯಂತೆ ಮಾತಾಡುತ್ತಾನೆ. ಮುದುಕರಿಗೆ ಅದನ್ನು ಹೇಳದೆ ಅವಳು ದೂರು ಬರೆಸಿಕೊಂಡಳು.

ನಾಗಿಸಾಳ ಬಾಡಿಗೆ ಕೋಣೆಯ ಬಾಗಿಲನ್ನು ಮನೆಯ ಮಾಲೀಕನೇ ತೆರೆದ. ನಾಗಿಸಾ ನೆಲದ ಮೇಲಿದ್ದಳು. ಕುತ್ತಿಗೆ ಹಿಸುಕಿದ ಗುರುತು, ಉಗುರಿನಲ್ಲಿ ರಕ್ತ. ಪ್ರಾಣ ಹೋಗಿ ದಿನಗಳಾಗಿದ್ದವು. ಯಾರೂ ಹುಡುಕಿರಲಿಲ್ಲ. ಪಂಚನಾಮೆ ಮುಗಿಸಿ, ಸುದ್ದಿಯನ್ನು ಹೊರಬಿಡದೆ ಕುವಾನೋ ಕಾನ್‌ಸ್ಟೇಬಲ್ ಹಿಗುಚಿಯೊಡನೆ ಕ್ಲಬ್ಬಿಗೆ ಹೋದಳು.

"ನಾಗಿಸಾ ಎಲ್ಲಿ?"

"ಊರಿಗೆ ಹೋಗಿದ್ದಾಳೆ ಮೇಡಂ. ತಾಯಿ ತಿಥಿ ಅಂತ ರಜೆ ಕೇಳಿದ್ಲು," ಎಂದ ತ್ಸುಕುದಾ.

ಕನ್ನಡಿಯ ಮುಂದೆ ಅಲಂಕರಿಸಿಕೊಳ್ಳುತ್ತಿದ್ದ ಕ್ಲಬ್ಬಿನ ಹೆಂಗಸು ನಕ್ಕಳು. "ರಜೆನಾ? ಇಲ್ಲಿ ಯಾವಾಗಿಂದ ಅಣ್ಣಾ? ಬರೋ ದಿನ ಬರ್ತೀವಿ ಅಂತೀವಿ, ಬರದ ದಿನ ಏನೂ ಹೇಳಲ್ಲ. ನಾನು ಸತ್ರೂ ನೀನು ಕೇಳೋನಲ್ಲ!"

ತ್ಸುಕುದಾ ನಗಲಿಲ್ಲ.

"ಊರಲ್ಲಿದ್ದಾಳೆ ಅಂತ ಗೊತ್ತಿದ್ರೆ, ಊರಿಂದ ಫೋನ್ ಮಾಡಿದ ಅಪ್ಪನಿಗೆ ಮೀಟಿಂಗ್ ಅಂದಿದ್ದು ಯಾಕೆ?" ಎಂದಳು ಕುವಾನೋ.

"ಅದು... ಬಾಯಿ ಅಭ್ಯಾಸ ಮೇಡಂ."

"ಅಂಗಿ ತೋಳು ಮೇಲೆ ಮಡಚಿ."

ಮುಂಗೈಯ ಮೇಲೆ ಉಗುರಿನ ಗೀರುಗಳಿದ್ದವು. ಹಿಗುಚಿ ಬೇಡಿ ತೊಡಿಸಿದ.

ಠಾಣೆಯಲ್ಲಿ ಅವನು ತಲೆ ಎತ್ತದೆ ಹೇಳಿದ: "ವರ್ಷಗಟ್ಟಲೆ ಆ ಮುದುಕರ ಜೊತೆ ನಾನೇ ಮಾತಾಡಿದ್ದು. 'ಮಗಳನ್ನ ನಿಮ್ಮ ಮಡಿಲಿಗೆ ಹಾಕಿದೀನಿ ಸಾಹೇಬ್ರೇ, ನೀವು ಊಟ ಮಾಡಿದ್ರಾ' ಅನ್ನೋರು. ನನ್ನನ್ನ ಹಾಗೆ ಕೇಳೋರು ಬೇರೆ ಯಾರಿದ್ದಾರೆ? ತಿಥಿ ದಿನ ಅಪ್ಪನಿಗೆ ನಿಜ ಹೇಳಿಬಿಡ್ತೀನಿ ಅಂದ್ಲು. ಬೇಡ ಅಂತ ಅವಳ ಕೋಣೆಗೇ ಹೋಗಿ ಕಾಲು ಹಿಡಿದೆ. ಕೇಳಲಿಲ್ಲ."

ಮಾನಕ್ಕಾಗಿ ಹುಟ್ಟಿದ ಸುಳ್ಳಿನಲ್ಲಿ ಅವನಿಗೊಬ್ಬ ತಂದೆ ಸಿಕ್ಕಿದ್ದರು. ಅವರನ್ನು ಉಳಿಸಿಕೊಳ್ಳಲು ಅವರ ಮಗಳನ್ನೇ ಕೊಂದಿದ್ದ.

ಕುವಾನೋ ಮುದುಕರಿಗೆ ಎಲ್ಲವನ್ನೂ ಹೇಳಿದಳು.

"ಅವಳೇ ಹೇಳಬೇಕು ಅಂತಿದ್ಲಾ?"

"ಹೌದು ಅಜ್ಜಾ."

"ಹಾಗಾದ್ರೆ ಹೇಳಿದ ಹಾಗೇ ಆಯ್ತು."

ಶವಾಗಾರದಲ್ಲಿ ಅವರು ಮಗಳ ಹಣೆಯ ಕೂದಲನ್ನು ಸರಿಸಿ ಕೈಮುಗಿದರು. ಕುವಾನೋ ಟೋಪಿ ತೆಗೆದು ಹಿಂದೆ ನಿಂತಳು.

"ಅಮಿದಾ ಬುದ್ಧನೇ, ನಿನಗೆ ಶರಣು. ನನ್ನ ಕೂಸು ದಣಿದಿದೆ. ನಿನ್ನ ನಿರ್ಮಲ ಲೋಕದಲ್ಲಿ ಅವಳಮ್ಮನ ಪಕ್ಕ ಮಲಗಿಸು. ಶಾಂತಿ ಕೊಡು ತಂದೆ."