ಎಂಟು ಮೂಲೆಯ ರಾಣಿ ಮಂಟಪ

"ಆ ಕಟ್ಟಡ ಕೆಡವೋಕೆ ಬಂದಿರೋ ಎಂಜಿನಿಯರ್ ನೀವೇನಾ?"

ಅವನು ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ಕುರ್ಚಿಯಲ್ಲಿ ಅಂಗಾತ ಮಲಗಿದ್ದ. ಬಾಯಿ ಅಗಲವಾಗಿ ತೆರೆದಿತ್ತು. ಎಡಗೆನ್ನೆ ಮರಗಟ್ಟಿತ್ತು. ದವಡೆ ಹಲ್ಲಿನೊಳಗೆ ಅವಳ ಸೂಜಿ ಇತ್ತು.

"ಆಂ..." ಎಂದ.

ಅವಳು ಮೊದಲು ಸೂಜಿಯನ್ನು ನಿಧಾನವಾಗಿ ಹೊರತೆಗೆದಳು. ಕೋಪ ಎಷ್ಟೇ ಇದ್ದರೂ ಅವಳು ಹಲ್ಲಿನ ಡಾಕ್ಟರು. ಸೂಜಿ ತಟ್ಟೆಗೆ ಬಿದ್ದ ಮೇಲೆಯೇ ಬೈಯಲು ಬಾಯಿಬಿಟ್ಟಳು. ಬಿಟ್ಟವಳು ಇಪ್ಪತ್ತು ನಿಮಿಷ ಮುಚ್ಚಲಿಲ್ಲ.

ಎಲ್ಲರೂ ಅಕ್ಕ ಎಂದು ಕರೆಯುವ ಅವಳ ಸಹಾಯಕಿ ರೋಗಿಯ ಚೀಟಿ ಓದಿ ಹೇಳಿದ್ದರಿಂದ ಇಷ್ಟೆಲ್ಲ ಆಯಿತು. ಹೆಸರಿನ ಕೆಳಗೆ, ಉದ್ಯೋಗದ ಮುಂದೆ, "ಎಂಜಿನಿಯರ್, ಗೃಹ ನಿರ್ಮಾಣ ಸಹಕಾರ ಸಂಘ" ಎಂದಿತ್ತು. ಆ ಸಂಘ ಊರಿನ ಮುಚ್ಚಿಹೋದ ನೂಲಿನ ಗಿರಣಿಯ ಜಾಗದಲ್ಲಿ ಮನೆ ಕಟ್ಟಲು ಹೊರಟಿತ್ತು. ಆ ಜಾಗದ ನಟ್ಟನಡುವೆ ಎಂಟು ಮೂಲೆಯ ಒಂದು ಕಲ್ಲಿನ ಕಟ್ಟಡವಿತ್ತು. ಊರಿನ ಪರಂಪರೆ ಸಂಘ ಅದನ್ನು ರಾಣಿ ಮಂಟಪ ಎನ್ನುತ್ತಿತ್ತು. ಆ ಪರಂಪರೆ ಸಂಘದ ಕಾರ್ಯದರ್ಶಿ ಇವಳೇ.

ಇನ್ನೂರು ವರ್ಷದ ಹಿಂದೆ ರಾಣಿಯೊಬ್ಬಳು ಅಲ್ಲಿ ತಂಗಿದ್ದಳು ಎಂದು ಅವಳು ಅವನ ತೆರೆದ ಬಾಯಿಗೆ ವಿವರಿಸಿದಳು. ಎಂಟು ಮೂಲೆ ಎಂಟು ದಿಕ್ಕಿನ ಗಾಳಿಗಾಗಿ. ಹೊರಗಿನವರ ಕಣ್ಣಿಗೆ ರಾಣಿ ಬೀಳಬಾರದೆಂದು ಕಿಟಕಿಗಳು ಅಷ್ಟು ಎತ್ತರದಲ್ಲಿವೆ. ಇಂಥದ್ದನ್ನು ಕೆಡವಲು ಮನಸ್ಸು ಹೇಗೆ ಬರುತ್ತದೆ?

"ಆಂ... ಆಂ..." ಎಂದ ಅವನು. ಅವಳು ಅದನ್ನು ತಪ್ಪೊಪ್ಪಿಗೆ ಎಂದುಕೊಂಡಳು.

ಹಲ್ಲಿನ ಬೇರು ಸ್ವಚ್ಛ ಮಾಡುವ ಕೆಲಸಕ್ಕೆ ಮೂರು ಸಲ ಬರಬೇಕಿತ್ತು. ಇವನು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ ಎಂದುಕೊಂಡಿದ್ದಳು. ಆದರೆ ಮುಂದಿನ ವಾರ ಅವನು ಹತ್ತು ನಿಮಿಷ ಮುಂಚೆಯೇ ಬಂದು ನಿಂತಿದ್ದ.

"ಇಂಜೆಕ್ಷನ್‌ಗೆ ಮುಂಚೆ ನನಗೆ ಐದು ನಿಮಿಷ ಬೇಕು," ಎಂದ. "ಹೋದ ಸಲ ನೀವೊಬ್ರೇ ಮಾತಾಡಿದ್ರಿ."

ಅವಳಿಗೆ ನಗು ಬಂತು. ಮುಖಗವಸು ಇದ್ದದ್ದು ಒಳ್ಳೆಯದಾಯಿತು.

ಐದು ನಿಮಿಷದಲ್ಲಿ ಅವನು ಹೇಳಿದ್ದಿಷ್ಟು: ಎಪ್ಪತ್ತೆರಡು ಕುಟುಂಬಗಳು ಮನೆಗಾಗಿ ಹೆಸರು ಬರೆಸಿ ಕಾಯುತ್ತಿವೆ. ಅರ್ಧಕ್ಕಿಂತ ಹೆಚ್ಚು ಜನ ಒಂದೇ ಕೋಣೆಯಲ್ಲಿ ಬಾಡಿಗೆಗಿದ್ದಾರೆ. ಆ ಎಂಟು ಮೂಲೆಯ ಕಟ್ಟಡ ಸರಿಯಾಗಿ ಎರಡನೇ ಬ್ಲಾಕ್ ಏಳಬೇಕಾದ ಜಾಗದಲ್ಲಿದೆ. "ರಾಣಿ ಒಂದು ರಾತ್ರಿ ಇದ್ದು ಹೋದ್ಲು. ಇವರು ದಿನಾ ಇರಬೇಕು."

ಅವಳು ಕಡ್ಡಿ ಮುರಿದಂತೆ ಉತ್ತರ ಕೊಡಲು ಹೊರಟಳು. ಆಗ ಪಕ್ಕದಲ್ಲಿ ಹತ್ತಿ ಮಡಚುತ್ತಿದ್ದ ಅಕ್ಕ ತಲೆ ಎತ್ತದೆಯೇ, ಆ ಪಟ್ಟಿಯಲ್ಲಿ ನಲವತ್ತೊಂದನೇ ಹೆಸರು ತನ್ನದೇ ಎಂದಳು.

ಅಕ್ಕ ಆರು ವರ್ಷದಿಂದ ಇಲ್ಲೇ ಕೆಲಸಕ್ಕಿದ್ದಳು. ಗಂಡ, ಅತ್ತೆ, ಇಬ್ಬರು ಹೆಣ್ಣುಮಕ್ಕಳು, ಎಲ್ಲರೂ ಒಂದು ಕೋಣೆಯಲ್ಲಿದ್ದರು. ಯಾಕೆ ಹೇಳಲಿಲ್ಲ ಎಂದು ಕೇಳಿದಾಗ, "ನೀವು ಕೇಳ್ಲಿಲ್ಲ ಡಾಕ್ಟ್ರೇ," ಎಂದು ಹತ್ತಿಯ ಡಬ್ಬಿ ಮುಚ್ಚಿದಳು.

ಅವತ್ತು ಹಲ್ಲಿನ ಡಾಕ್ಟರು ಒಂದು ಮಾತೂ ಆಡದೆ ಕೆಲಸ ಮುಗಿಸಿದಳು. ಕುರ್ಚಿಯಿಂದ ಏಳುವಾಗ ಅವನು ಆತಂಕದಿಂದ ಅವಳ ಮುಖ ನೋಡಿದ. ಬೈಗುಳಕ್ಕಿಂತ ಈ ಮೌನವೇ ಅವನನ್ನು ಹೆಚ್ಚು ಹೆದರಿಸಿದಂತಿತ್ತು.

ಬಾಗಿಲ ತನಕ ಹೋದವನನ್ನು ಅವಳೇ ಕರೆದಳು. ಭಾನುವಾರ ಬಿಡುವಿದ್ದರೆ ಮಂಟಪವನ್ನು ಒಮ್ಮೆ ಒಳಗಿನಿಂದ ನೋಡಿ, ಆಮೇಲೆ ಬೇಕಾದ್ದು ಹೇಳಿ ಎಂದಳು. ಹಾಗೆ ಕರೆದದ್ದು ಪರಂಪರೆಗಾಗಿ ಎಂದು ತನಗೆ ತಾನೇ ಮೂರು ಸಲ ಹೇಳಿಕೊಂಡಳು. ಮತ್ತೆ ಶನಿವಾರ ಸಂಜೆ ಏಕೆ ನಾಲ್ಕು ಉಡುಪು ತೆಗೆದು, ನಾಲ್ಕನ್ನೂ ಮಡಚಿಟ್ಟು, ಮೊದಲನೆಯದನ್ನೇ ಮತ್ತೆ ತೆಗೆದಳೋ!

ಭಾನುವಾರ ಅವನು ಅಳತೆ ಪಟ್ಟಿಯ ಜೊತೆ ಬಂದ. ಪಟ್ಟಿಯ ಒಂದು ತುದಿ ಹಿಡಿಯಲು ಅವಳಿಗೆ ಕೊಟ್ಟ. ಗೋಡೆಯಿಂದ ಗೋಡೆಗೆ ಇಬ್ಬರೂ ಅಳೆದರು. ಅವನು ಕಲ್ಲನ್ನು ಬೆರಳಿನಿಂದ ತಟ್ಟಿ ನೋಡುವ ರೀತಿ ಅವಳಿಗೆ ಹಿಡಿಸಿತು. ತಾನು ಹಲ್ಲು ತಟ್ಟಿ ನೋಡುವುದೂ ಹೀಗೆಯೇ ಅಲ್ಲವೇ ಅನ್ನಿಸಿತು.

ಆಮೇಲೆ ಅವನು ನೆಲದ ಮೇಲೆ ಕುಳಿತು ಧೂಳು ಒರೆಸಿದ.

"ನೆಲ ಯಾಕೆ ಹೀಗೆ ಗೋಡೆ ಕಡೆಗೆ ಇಳಿಜಾರಾಗಿದೆ?"

"ರಾಣಿ ಸ್ನಾನ ಮಾಡ್ತಿದ್ದಿರಬೇಕು."

"ಎಂಟು ಕಡೆನಾ?"

ಅವಳು ಎಂಟು ಗೋಡೆಗಳನ್ನೂ ಒಂದೊಂದಾಗಿ ನೋಡಿದಳು. ಅವನು ಕೆಮ್ಮಿ ಎದ್ದು ನಿಂತ. ಅಲ್ಲಿಂದ ಹೊರಟ ಮೇಲೆ ಕಟ್ಟಡದ ಮಾತೇ ಎತ್ತಲಿಲ್ಲ. ದಾರಿಯುದ್ದಕ್ಕೂ ತನ್ನ ತಾಯಿಯ ಬಗ್ಗೆ ಹೇಳಿದ. ಅಪ್ಪನ ವರ್ಗಾವಣೆಯ ಕೆಲಸದಿಂದ ಒಂಬತ್ತು ಬಾಡಿಗೆ ಮನೆ ಬದಲಿಸಿದ್ದನ್ನೂ ಹೇಳಿದ. ಯಾವ ಮನೆಯಲ್ಲೂ ಗೋಡೆಗೆ ಮೊಳೆ ಹೊಡೆಯಲು ಮಾಲೀಕರು ಬಿಟ್ಟಿರಲಿಲ್ಲವಂತೆ. ಅವಳು ಕೇಳುತ್ತಾ ನಡೆದಳು. ತನ್ನ ಮನೆಯ ತಿರುವು ದಾಟಿ ಎರಡು ಬೀದಿ ಮುಂದೆ ಬಂದದ್ದು ಆಮೇಲೆ ಗೊತ್ತಾಯಿತು.

ಮರುವಾರ ಪುರಸಭೆಯಲ್ಲಿ ಸಾರ್ವಜನಿಕ ಸಭೆ. ಒಂದು ಕಡೆ ಮನೆಗೆ ಕಾದವರು, ಇನ್ನೊಂದು ಕಡೆ ಪರಂಪರೆ ಸಂಘದ ಹನ್ನೊಂದು ಜನ. ಸಂಘದ ಅಧ್ಯಕ್ಷರು ಅವಳ ಸೋದರಮಾವ. ಅಪ್ಪ ಅಮ್ಮ ಇಲ್ಲದ ಅವಳನ್ನು ಬೆಳೆಸಿದವರು, ಊರಿಗೆಲ್ಲ ಹೆಡ್‌ಮಾಸ್ಟರು. ನಿವೃತ್ತರಾಗಿ ಎಂಟು ವರ್ಷವಾದರೂ ಅವರು ಸಭೆಗೆ ಬಂದರೆ ದೊಡ್ಡವರೂ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದರು. ಅವತ್ತು ಅವರು ರಾಣಿಯ ಬಗ್ಗೆ ನಲವತ್ತು ನಿಮಿಷ ಮಾತಾಡಿದರು. ರಾಣಿ ಪಲ್ಲಕ್ಕಿಯಲ್ಲಿ ಬಂದಳೋ ಕುದುರೆಯಲ್ಲೋ ಎಂದು ಸಂಘದವರೇ ಇಬ್ಬರು ಸಣ್ಣದಾಗಿ ಕಿತ್ತಾಡಿದರು.

ಎಂಜಿನಿಯರ್ ಎದ್ದು ನಿಂತ. ಒಂದು ತಿಂಗಳ ಅವಕಾಶ ಬೇಕು ಎಂದ. ಏಕೆ ಎಂದು ಕೇಳಿದರೆ ಹೇಳಲಿಲ್ಲ. ಮನೆಗೆ ಕಾದವರು ಅವನ ಮೇಲೆ ರೇಗಿದರು, ಅವನ ಸಂಘದ ಕಾರ್ಯಾಧ್ಯಕ್ಷರು ಹಲ್ಲು ಕಡಿದರು. ಅವನು ಇಂಗು ತಿಂದ ಮಂಗನಂತೆ ನಿಂತಿದ್ದ.

ಏನು ಮುಚ್ಚಿಡ್ತಿದ್ದಾನೆ ಇವನು? ಅವಳ ಮನಸ್ಸಿನಲ್ಲಿ ಮುಳ್ಳೊಂದು ನಾಟಿತು.

ಎರಡು ದಿನದ ಮೇಲೆ ಮೂರನೇ ಸಲ ಬಂದ. ಇಂಜೆಕ್ಷನ್ ಕೊಟ್ಟು, ಅದು ಹಿಡಿಯಲಿ ಎಂದು ಕಾಯುವಾಗ ಪಕ್ಕದ ಕುರ್ಚಿಯ ಮೇಲಿದ್ದ ಅವನ ಫೈಲು ಜಾರಿ ಬಿತ್ತು. ಕಾಗದಗಳು ಚೆಲ್ಲಿದವು. ಹೆಕ್ಕಿಕೊಡಲು ಬಗ್ಗಿದ ಅವಳ ಕೈಗೆ ಹಳೆಯ ನಕ್ಷೆಯೊಂದರ ಪ್ರತಿ ಸಿಕ್ಕಿತು. ಎಂಟು ಮೂಲೆಯ ಕಟ್ಟಡ. ಒಳಗೆ ಎಂಟು ಸಣ್ಣ ಗೂಡು. ಕೆಳಗೆ ದುಂಡಗಿನ ಅಕ್ಷರದಲ್ಲಿ, "ನೂಲಿನ ಗಿರಣಿ, ಹೆಂಗಸರ ಶೌಚಾಲಯ."

ಅವಳ ಕಿವಿ ಬಿಸಿಯಾಯಿತು. ಇದಕ್ಕೇ ತಿಂಗಳ ಅವಕಾಶ ಕೇಳಿದ್ದು! ಪತ್ರಿಕೆಗೆ ಕೊಟ್ಟು, ಊರೆಲ್ಲ ಹಂಚಿ, ಮಾವನನ್ನು ನಗೆಪಾಟಲು ಮಾಡಲು. ಭಾನುವಾರ ಪಟ್ಟಿಯ ತುದಿ ನನ್ನ ಕೈಗೇ ಕೊಟ್ಟು ಅಳೆಸಿದನಲ್ಲ...

"ಅಲು... ನಾನು... ಏಲಬೇಕು ಅಂಥ..." ಎಂದ ಅವನು, ಅರ್ಧ ನಾಲಿಗೆಯಲ್ಲಿ.

"ಬಾಯಿ ತೆಗೀರಿ."

ಹಲ್ಲಿಗೆ ಟೊಪ್ಪಿ ಕೂರಿಸಿದಳು. ಅಷ್ಟು ಅಚ್ಚುಕಟ್ಟಾದ ಕೆಲಸವನ್ನು ಅವಳು ಹಿಂದೆ ಯಾರಿಗೂ ಮಾಡಿರಲಿಲ್ಲ. ಮತ್ತೆ ಬರಲು ಒಂದು ನೆಪವೂ ಉಳಿಯದಂತೆ ಮಾಡಿದಳು.

"ಮುಗೀತು. ಇನ್ನು ನೀವು ಬರೋ ಅಗತ್ಯ ಇಲ್ಲ."

ಅವನು ಉಳಿದ ಕಾಗದಗಳನ್ನು ಫೈಲಿಗೆ ತುರುಕಿಕೊಂಡ. ಆಮೇಲೆ ಹೋದ. ನಕ್ಷೆ ಅವಳ ಕೈಯಲ್ಲೇ ಉಳಿಯಿತು.

ಅವಳು ಅದನ್ನು ಹಿಡಿದು ನೇರ ಮನೆಗೆ ಬಂದು ಮಾವನ ಮುಂದಿಟ್ಟಳು. ಇದು ಸುಳ್ಳು ನಕ್ಷೆ, ಕೇಸು ಹಾಕೋಣ ಎಂದಳು. ಮಾವ ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು.

"ಸುಳ್ಳಲ್ಲ ಪುಟ್ಟಿ. ರಾಣಿ ಸುಳ್ಳು."

ಅವಳು ಕುಳಿತುಬಿಟ್ಟಳು.

ಆಮೇಲೆ ಅವರು ತಡೆತಡೆದು ಹೇಳಿದರು. ಅರವತ್ತು ವರ್ಷದ ಹಿಂದೆ ಗಿರಣಿಯಲ್ಲಿ ಮುನ್ನೂರು ಹೆಂಗಸರು ದುಡಿಯುತ್ತಿದ್ದರು. ಅವರಿಗೆ ಹೋಗಲು ಒಂದು ಜಾಗವಿರಲಿಲ್ಲ. ಕೇಳಿ ಕೇಳಿ ಸಾಕಾಗಿ ಹನ್ನೊಂದು ದಿನ ಕೆಲಸ ನಿಲ್ಲಿಸಿ ಗೇಟಿನ ಮುಂದೆ ಕುಳಿತರು. ಕೊನೆಗೆ ಮಾಲೀಕ ಸೋತ. ಸೋತದ್ದು ತಿಳಿಯಬಾರದೆಂದು ಕಟ್ಟಡವನ್ನು ಮಂಟಪದಂತೆ ಚೆಂದಗೆ ಕಟ್ಟಿಸಿದ. ಗೇಟಿನ ಮುಂದೆ ಕುಳಿತವರಲ್ಲಿ ಮೊದಲ ಸಾಲಿನವಳು ಮಾವನ ತಾಯಿ, ಅವಳ ಅಜ್ಜಿ.

"ಕಟ್ಟಡ ಉಳಿಸಬೇಕು ಅಂತಿತ್ತು. ಆದ್ರೆ ಹೆಡ್‌ಮಾಸ್ಟರ್ ಎದ್ದು ನಿಂತು ಶೌಚಾಲಯ ಉಳಿಸಿ ಅಂತ ಹೇಗೆ ಹೇಳ್ಲಿ? ಒಂದು ಸಲ ರಾಣಿ ಅಂದೆ. ಜನ ಕೈ ತಟ್ಟಿದ್ರು. ಆಮೇಲೆ ರಾಣಿಯನ್ನ ವಾಪಸ್ ಕಳ್ಸೋಕಾಗ್ಲಿಲ್ಲ."

ಸಭೆಗೆ ಎರಡು ದಿನ ಮುಂಚೆಯೇ ಆ ಎಂಜಿನಿಯರ್ ಹುಡುಗ ಗಿರಣಿಯ ಹಳೆಯ ಕಡತದಲ್ಲಿ ಸಿಕ್ಕ ನಕ್ಷೆ ತಂದು ತನಗೆ ತೋರಿಸಿದ್ದ ಎಂದೂ ಹೇಳಿದರು. ಇದನ್ನು ಸಭೆಯಲ್ಲಿ ತೋರಿಸುವುದಿಲ್ಲ, ಕಟ್ಟಡ ಉಳಿಸಿಯೇ ಮನೆ ಕಟ್ಟುವ ದಾರಿ ಹುಡುಕಲು ಒಂದು ತಿಂಗಳು ಬೇಕು ಎಂದಿದ್ದನಂತೆ. ಪುಟ್ಟಿಗೆ ಹೇಳಬೇಡ ಎಂದು ಮಾತು ತೆಗೆದುಕೊಂಡವರು ಮಾವನೇ.

ಅಯ್ಯೋ... ನಾನು ಏನು ಮಾಡಿಬಿಟ್ಟೆ!

ಮರುದಿನ ಅವಳು ಗಿರಣಿಯ ಜಾಗಕ್ಕೆ ಹೋದಳು. ಅವನಿರಲಿಲ್ಲ. ಅದರ ಮರುದಿನವೂ ಹೋದಳು. ಮೂರನೆಯ ಸಲ ದೂರದಲ್ಲಿ ಅವನ ಬೆನ್ನು ಕಂಡಿತು. ಕಂಡ ಕೂಡಲೇ ಕಾಲು ತಾನಾಗಿ ಹಿಂದೆ ತಿರುಗಿತು. ಮುನ್ನೂರು ಜನರ ಹಲ್ಲು ಕಿತ್ತವಳಿಗೆ ಕ್ಷಮಿಸಿ ಎಂಬ ಒಂದು ಮಾತು ಬಾಯಿಂದ ಕೀಳಲಾಗಲಿಲ್ಲ.

ತಿಂಗಳು ಕಳೆದು ಮತ್ತೆ ಸಭೆ ಸೇರಿತು. ಈ ಸಲ ಹೆಡ್‌ಮಾಸ್ಟರು ಎದ್ದು, ಬಂದದ್ದು ಬರಲಿ ಎಂಬಂತೆ, ಎಲ್ಲವನ್ನೂ ಹೇಳಿಬಿಟ್ಟರು. ಆಮೇಲೆ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಭೆಯೇ ಹೊಟ್ಟೆ ಹಿಡಿದು ನಕ್ಕಿತು. ಪಲ್ಲಕ್ಕಿಯವರೂ ಕುದುರೆಯವರೂ ಮೊದಲ ಬಾರಿ ಒಂದಾಗಿ ತಲೆ ತಗ್ಗಿಸಿದರು. ಅವಳು ಹೋಗಿ ಮಾವನ ಪಕ್ಕದಲ್ಲಿ ನಿಂತಳು.

ಆಗ ಮನೆಗೆ ಕಾದವರ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಸಹಾಯಕಿ ಅಕ್ಕನ ಅತ್ತೆ.

"ನಾನೂ ಆ ಗೇಟಿನ ಮುಂದೆ ಕೂತೋಳೇ. ಆಗ ನನಗೆ ಹದಿನೆಂಟು. ಹೇಳ್ಕೊಳ್ಳೋಕೆ ನಾಚಿಕೆಯಾಗಿ ಇಷ್ಟು ದಿನ ಸುಮ್ಮನಿದ್ದೆ," ಎಂದಳು. "ಬೆಳಿಗ್ಗೆ ಏಳರಿಂದ ಸಂಜೆ ಆರರವರೆಗೂ ತಡ್ಕೊಂಡಿರ್ತಿದ್ವಿ. ನಗೋರು ಒಂದು ದಿನ ಹಾಗಿದ್ದು, ಆಮೇಲೆ ನಗಲಿ."

ಯಾರೂ ನಗಲಿಲ್ಲ.

ಎಂಜಿನಿಯರ್ ಹೊಸ ನಕ್ಷೆ ಬಿಡಿಸಿ ಗೋಡೆಗೆ ಅಂಟಿಸಿದ. ಎರಡನೇ ಬ್ಲಾಕನ್ನು ಹದಿನೆಂಟು ಅಡಿ ಹಿಂದಕ್ಕೆ ಸರಿಸಿ, ನೀರಿನ ಟ್ಯಾಂಕಿನ ಜಾಗ ಬದಲಿಸಿದ್ದ. ಎಪ್ಪತ್ತೆರಡು ಮನೆಯಲ್ಲಿ ಒಂದೂ ಕಡಿಮೆಯಾಗಿರಲಿಲ್ಲ. ನಡುವೆ ಎಂಟು ಮೂಲೆಯ ಕಟ್ಟಡ ಹಾಗೆಯೇ ಇತ್ತು. ಸಭೆ ಒಪ್ಪಿತು. ಹೆಸರು ಬದಲಿಸಬೇಕಲ್ಲವೇ ಎಂದು ಯಾರೋ ಕೇಳಿದರು.

"ಬೇಡ," ಎಂದಳು ಮುದುಕಿ. "ಮೊದಲ್ನೇ ದಿನ ಒಳಗೆ ಹೋಗಿ ಚಿಲಕ ಹಾಕ್ಕೊಂಡಾಗ ನಮಗೆ ರಾಣಿ ಅಂತಲೇ ಅನ್ನಿಸಿತ್ತು."

ಗದ್ದಲದಲ್ಲಿ ಅವನು ಯಾವಾಗ ಹೊರಟುಹೋದನೋ ಅವಳಿಗೆ ಕಾಣಲಿಲ್ಲ.

ಮರುವಾರ ಮನೆಯ ಅರ್ಜಿಗಳನ್ನು ಹೊಸದಾಗಿ ಕೊಡಬೇಕಿತ್ತು. ಅಕ್ಕನ ಅರ್ಜಿಯನ್ನು ತಾನೇ ಕೊಟ್ಟು ಬರುತ್ತೇನೆ ಎಂದಳು ಹಲ್ಲಿನ ಡಾಕ್ಟರು. ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿ, "ನಿಧಾನಕ್ಕೇ ಬನ್ನಿ. ಬಂದವರಿಗೆ ಹಲ್ಲು ನೋವು ತಡ್ಕೊಳ್ಳಿ ಅಂತ ಹೇಳ್ತೀನಿ," ಎಂದಳು.

ಗಿರಣಿಯ ಹಳೆಯ ಕಾವಲು ಕೋಣೆಯೇ ಅವನ ಕಚೇರಿ. ಅವನು ಅರ್ಜಿ ತೆಗೆದುಕೊಂಡು, ಸಾಲು ಸಾಲಾಗಿ ಓದಿ, ಮುದ್ರೆ ಒತ್ತಿದ. ತಲೆ ಎತ್ತಲಿಲ್ಲ.

"ನಾನು ನಿಮ್ಮನ್ನ ತಪ್ಪು ತಿಳ್ಕೊಂಡೆ," ಎಂದಳು ಅವಳು. "ನಿಮ್ಮ ಮಾತು ಕೇಳ್ಲೇ ಇಲ್ಲ. ಕ್ಷಮಿಸಿ."

"ನಿಮ್ಮ ಮಾವನಿಗೆ ಮಾತು ಕೊಟ್ಟಿದ್ದೆ. ನಿಮ್ಮ ಮುಂದೆ ಅದನ್ನ ಉಳಿಸ್ಕೊಳ್ಳೋದೇ ಕಷ್ಟ ಆಯ್ತು."

"ನನಗೋಸ್ಕರನಾ ಇದೆಲ್ಲ ಮಾಡಿದ್ದು?"

"ಮೊದಲು ನಿಮಗೋಸ್ಕರ. ಗೇಟಿನ ಮುಂದೆ ಕೂತ ಆ ಹೆಂಗಸರ ಕಥೆ ಮಾವ ಹೇಳಿದ ಮೇಲೆ ಅವರಿಗೋಸ್ಕರ ಕೂಡ."

ಅವನು ಸುಳ್ಳು ಹೇಳಲಿಲ್ಲವಲ್ಲ ಎಂದು ಅವಳ ಕಣ್ಣು ತುಂಬಿತು. ಅದನ್ನು ಮರೆಮಾಚಲು ಮೇಜಿನ ಕಡೆ ನೋಡಿದಳು. ಅಲ್ಲಿ ಇನ್ನೊಂದು ಅರ್ಜಿ ಅರ್ಧ ತುಂಬಿ ಬಿದ್ದಿತ್ತು. ಅದು ಅವನದೇ. ಗೃಹ ನಿರ್ಮಾಣ ಸಂಘದ ನೌಕರರಿಗೂ ಬೇರೆಯಾಗಿ ಒಂದು ಮನೆ ಇತ್ತಂತೆ. ಕುಟುಂಬದ ಸದಸ್ಯರ ಸಂಖ್ಯೆ ಎಂಬಲ್ಲಿ ಜಾಗ ಖಾಲಿಯಿತ್ತು.

"ಇದು ಯಾಕೆ ಖಾಲಿ?"

ಅವನು ಪೆನ್ನಿನ ಮುಚ್ಚಳ ಹಾಕಿದ, ತೆಗೆದ. "ಒಂದು ಅಂತ ಬರೆದ್ರೆ ಒಂದು ಕೋಣೆ ಮನೆ. ಎರಡು ಅಂತ ಬರೆಯೋಕೆ ಇನ್ನೊಬ್ಬರ ಒಪ್ಪಿಗೆ ಬೇಕು." ಮುಚ್ಚಳ ಮತ್ತೆ ಹಾಕಿ, "ನನಗೆ ನಿಮ್ಮನ್ನ ಕಂಡ್ರೆ ತುಂಬಾ ಪ್ರೀತಿ. ಇದನ್ನ ಹೇಗೆ ಹೇಳೋದು ಅಂತ ನಾಲ್ಕು ವಾರದಿಂದ ಯೋಚಿಸ್ತಿದ್ದೀನಿ. ಇದಕ್ಕೆ ನಕ್ಷೆ ಹಾಕೋಕಾಗಲ್ಲ," ಎಂದ.

ಅವಳು ಆ ಅರ್ಜಿಯನ್ನು ತನ್ನ ಕಡೆ ತಿರುಗಿಸಿಕೊಂಡಳು.

"ನಮ್ಮ ಮಾವ ದಿನಾ ಆ ಮನೆಗೂ ಬರ್ತಾರೆ. ಬಂದ್ರೆ ಬೇಗ ಏಳಲ್ಲ."

"ಹಾಗಾದ್ರೆ ಎರಡೂವರೆ ಅಂತ ಬರೀಲಾ?"

ಅವಳು ಪೆನ್ನು ಕಿತ್ತುಕೊಂಡು, ಡಾಕ್ಟರ ಅಕ್ಷರದಲ್ಲಿ, ಯಾರಿಗೂ ಅರ್ಥವಾಗದಂತೆ, 'ಎರಡು' ಎಂದು ಬರೆದಳು. ಅವನು ಅದನ್ನು ದುಡ್ಡು ಕೊಟ್ಟರೂ ಸಿಗದ ಚಿತ್ರವೆಂಬಂತೆ ಬಹಳ ಹೊತ್ತು ನೋಡಿದ.

"ಮಾವನ ಹತ್ರ ಮಾತಾಡ್ಬೇಕು," ಎಂದ. "ನಾಳೆ ಬರ್ಲಾ?"

"ಇವತ್ತೇ ಬನ್ನಿ."

"ಇನ್ನೂ 'ಬನ್ನಿ' ಅಂತೀರಾ?"

ಅವಳು ಬಾಗಿಲಲ್ಲಿ ನಿಂತು ತಿರುಗಿದಳು. ಬಾಯಿಗೆ ಬಂದ ಅಷ್ಟು ಸಣ್ಣ ಮಾತನ್ನು ಹೊರಗೆ ಬಿಡಲು ಎರಡು ಸಲ ಪ್ರಯತ್ನಿಸಬೇಕಾಯಿತು.

"ಬಾ," ಎಂದಳು.

ಅವನು ಎದ್ದ. "ಬಂದೆ ಕಣೇ."