ಅಳು ತಿಂದ ಗೋಡೆ

“ಬೇರೆ ಎಲ್ಲಿ ಬೇಕಾದ್ರೂ ಚಪ್ಪಾಳೆ ತಟ್ಟಮ್ಮ, ಆ ಒಳಕೋಣೇಲಿ ಮಾತ್ರ ಬೇಡ,” ಎಂದಳು ಮನೆ ಮಾರಿದ ಅಜ್ಜಿ, ಬೀಗದ ಕೈ ಕೊಡುತ್ತ. “ಸೊಸೆ ಅತ್ರೆ ಬೀದಿಗೆ ಕೇಳಬಾರದು ಅಂತ ನಮ್ಮ ಮಾವ ಆ ಗೋಡೆಗೆ ಮಾಟ ಮಾಡಿಸಿದ್ರು. ನನ್ನ ಅಳುವನ್ನೆಲ್ಲ ಅದೇ ತಿಂತು. ಗಂಡ ಸತ್ತಾಗ ಅಳೋಕೆ ಬಾಯಿ ತೆಗೆದೆ, ದನಿನೇ ಬರಲಿಲ್ಲ.”

ಮನೆ ಕೊಂಡ ಆರ್ಕಿಟೆಕ್ಟ್ ನಕ್ಕಳು. ಖಾಲಿ ಕೋಣೆಗೆ ಕಾಲಿಟ್ಟೊಡನೆ ಚಪ್ಪಾಳೆ ತಟ್ಟಿ, ಮರುದನಿಗೆ ಕಿವಿಗೊಡುವುದು ಅವಳ ಕಸುಬಿನ ಅಭ್ಯಾಸ. ದೆವ್ವ-ಭೂತವೆಲ್ಲ ಅವಳ ಪಾಲಿಗೆ ಕೆಟ್ಟ ನಕ್ಷೆಯ ಕಿತಾಪತಿ. ಬಾಗಿಲು ತಗ್ಗಾದರೆ ತಲೆ ತಾನಾಗಿ ಬಾಗುತ್ತದೆ, ಎದೆಯೂ ಕುಗ್ಗುತ್ತದೆ. ಓಣಿ ಇಕ್ಕಟ್ಟಾದರೆ ಉಸಿರು ಕಟ್ಟುತ್ತದೆ.

“ಹೆದರಿಕೇನೂ ಗಾರೆ ಕೆಲಸಾನೇ ಅಜ್ಜಿ. ಒಂದು ಕಿಟಕಿ ಇಟ್ರೆ ನಿಮ್ಮ ಮಾಟ ಗಂಟುಮೂಟೆ ಕಟ್ಟುತ್ತೆ,” ಎಂದು ಮಗಳ ಕೈ ಹಿಡಿದು ಒಳನಡೆದಳು. ಗಂಡನಿಂದ ದೂರವಾದ ಮೇಲೆ ಅವಳಿಗೆ ಉಳಿದದ್ದು ಪುಟ್ಟಿಯೊಬ್ಬಳೇ. ಈ ಮನೆ ಕೊಂಡದ್ದೂ ಅವಳಿಗಾಗಿಯೇ.

ಹೊರಗೆ ಮಟಮಟ ಮಧ್ಯಾಹ್ನ. ಒಳಕೋಣೆಯಲ್ಲಿ ಮಾತ್ರ ತಣ್ಣನೆಯ ಕತ್ತಲೆ, ಹಸಿ ಸುಣ್ಣದ ವಾಸನೆ, ಅದರಡಿಯಲ್ಲಿ ಉಪ್ಪುಪ್ಪಾದ ಕಮಟು. ಸುಣ್ಣ ಬಳಿದು ವರ್ಷಗಳೇ ಕಳೆದಿದ್ದರೂ ಗೋಡೆ ಒದ್ದೆಯಾಗಿತ್ತು. ಅವಳು ಚಪ್ಪಾಳೆ ತಟ್ಟಿದಳು. ಮರುದನಿ ಬರಲೇ ಇಲ್ಲ. ಹೆದರಬೇಕಾದವಳು ಹಿಗ್ಗಿದಳು. ಬೀದಿಯ ಗದ್ದಲವಿಲ್ಲದೆ ಮಗಳು ಮಲಗುವುದಕ್ಕೆ ಇದಕ್ಕಿಂತ ಒಳ್ಳೆಯ ಕೋಣೆ ಎಲ್ಲಿ ಸಿಗಬೇಕು!

“ಪುಟ್ಟಿ, ಗೋಡೆ ಕಡೆ ತಿರುಗಿ ಜೋರಾಗಿ ಕೂಗು ನೋಡೋಣ.”

“ಅಮ್ಮಾ—”

ಕತ್ತರಿಸಿದ ಹಾಗೆ ನಿಂತಿತು. ಮಗುವಿನ ಬಾಯಿ ತೆರೆದೇ ಇತ್ತು. ಕೊರಳ ನರ ಉಬ್ಬಿತ್ತು. ದನಿಯಿಲ್ಲ. ಎತ್ತಿಕೊಂಡು ಅಂಗಳಕ್ಕೆ ಓಡಿದಳು. ಬೆನ್ನು ತಟ್ಟಿದಳು. ನೀರು ಕುಡಿಸಿದಳು. ಪುಟ್ಟಿ ಅಳುತ್ತಿದ್ದಳು, ಒಂದಿಷ್ಟೂ ಸದ್ದಿಲ್ಲದೆ. ಗಂಟು ಕಟ್ಟುತ್ತಿದ್ದ ಅಜ್ಜಿಯ ಕೈಗೆ ಮಗುವನ್ನು ಕೊಟ್ಟು ಮತ್ತೆ ಒಳಗೋಡಿ ಗೋಡೆಗೆ ಕಿವಿಯಿಟ್ಟಳು.

ಆಳದಲ್ಲಿ, ತೆಳ್ಳಗೆ: “ಅಮ್ಮಾ.”

ಅವಳ ಓದು, ಜಂಬ ಎಲ್ಲ ಅಲ್ಲೇ ಉದುರಿಹೋಯಿತು. ಕೆಲಸಕ್ಕೆಂದು ತಂದಿಟ್ಟಿದ್ದ ಪಿಕಾಸಿ ಎತ್ತಿದಳು.

“ಒಡೀಬೇಡಮ್ಮ! ಯಾರ ದನಿ ಯಾರಿಗೆ ಹೋಗುತ್ತೋ!” ಅಜ್ಜಿ ಮಗುವನ್ನು ಅವುಚಿಕೊಂಡು ಹೊಸ್ತಿಲಲ್ಲಿ ನಿಂತು ಕೂಗಿದಳು.

ಕೇಳುವವರು ಯಾರು? ಒಂದು ಏಟು. ಸುಣ್ಣ ಉದುರಿತು. ಇನ್ನೊಂದು. ಇಟ್ಟಿಗೆ ಸಡಿಲಿತು. ಒಳಗೊಂದು ಮರದ ಗೊಂಬೆ. ಮೈತುಂಬ ಮೊಳೆ, ಕೂದಲ ಸುತ್ತು. ಬಾಯಿ ಮಾತ್ರ ಹಸಿಹಸಿ. ಮತ್ತೊಂದು ಏಟಿಗೆ ಗೊಂಬೆ ಸೀಳಿಹೋಯಿತು. ತಣ್ಣಗಿನದೇನೋ ಅವಳ ಕೆನ್ನೆ ಸವರಿ ಹೊಸ್ತಿಲ ಕಡೆ ನುಗ್ಗಿತು.

“ಅಮ್ಮಾ!”

ಪುಟ್ಟಿಯ ದನಿ! ಪಿಕಾಸಿ ಬಿಸಾಡಿ ತಿರುಗಿದಳು. ದನಿ ಬಂದದ್ದು ಅಜ್ಜಿಯ ಬೊಚ್ಚು ಬಾಯಿಂದ. ಅಜ್ಜಿ ಮಗುವನ್ನು ಕೆಳಗಿಳಿಸಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು.

ಪುಟ್ಟಿ ಓಡಿಬಂದು ಅಮ್ಮನ ಕಾಲು ತಬ್ಬಿದಳು. ತುಟಿ ತೆರೆದಳು. ಆ ಎಳೆಯ ಕೊರಳಿನಿಂದ, ಅತ್ತು ಅತ್ತು ಒಡೆದುಹೋದ ಹೆಂಗಸೊಬ್ಬಳ ಗೋಳು ಹೊರಟಿತು.

“ಇನ್ನು ಅಳಲ್ಲ ಮಾವ... ಬಾಗಿಲು ತೆಗೀರಿ ಮಾವ...”

ಗೋಳು ಏರುತ್ತಲೇ ಹೋಯಿತು. ಗೇಟಿನ ಬಳಿ ಜನ ನಿಂತು ಇಣುಕತೊಡಗಿದರು. ತಾಯಿ ಮಗುವನ್ನು ಎದೆಗೆ ಒತ್ತಿಕೊಂಡಳು, ಸಂತೈಸಿದಳು, ಬೇಡಿಕೊಂಡಳು. ಕೊನೆಗೆ, ಬೀದಿಗೆ ಕೇಳಬಾರದೆಂದು, ಒಳಕೋಣೆಯ ಬಾಗಿಲು ಹಾಕಿದಳು.